ಬ್ಯಾಡಗಿ ಮೆಣಸಿನಕಾಯಿಗೇ ಬಾಯಿ ಉರಿದರೆ ಇಮ್ಯುನಿಟಿ ಪೌಡರ್ ನಂಬಬೇಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಯವರಿಗೆ 42 ವರ್ಷ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಹಮಾಲಿ ಕೆಲಸ. 15 ವರ್ಷದಿಂದ ಅಡಿಕೆ, ತಂಬಾಕು ಅಗಿಯುತ್ತಾರೆ. ಎಡಗೆನ್ನೆ ಒಳಗೆ ಬಿಳಿ ಮಚ್ಚೆ ಎದ್ದು ಎರಡು ತಿಂಗಳಾಯಿತು. ಊಟ ಮಾಡಿದರೆ ಉರಿ. ಪರಿಚಯದವರೊಬ್ಬರು ಇಮ್ಯುನಿಟಿ ಪೌಡರ್ ಕೊಟ್ಟಿದ್ದಾರೆ. ಹುಟ್ಟಿನಿಂದ ಬಂದ ರೋಗನಿರೋಧಕ ಶಕ್ತಿ ಹೆಚ್ಚಿದರೆ ಬಾಯಿ ಕ್ಯಾನ್ಸರ್ ಬರಲ್ಲ ಅಂತಾರೆ, ನಿಜಾನಾ? ಬಯಾಪ್ಸಿ ಮಾಡಿಸಿದರೆ ಹರಡುತ್ತದೆ ಅಂತ ಅವರಿಗೆ ಭಯ.
– ಓದುಗರು, ಬ್ಯಾಡಗಿ

ಉತ್ತರ: ಅಕ್ಕಾ, ಮೊದಲು ಮುಖ್ಯವಾದದ್ದು ಹೇಳುತ್ತೇನೆ. ಪೌಡರ್ ಪಕ್ಕಕ್ಕಿಡಿ, ಇದೇ ವಾರ ಅವರ ಬಾಯಿ ತೋರಿಸಿ. ಪತ್ರ ಓದಿ ಇದು ಕ್ಯಾನ್ಸರ್ ಅನ್ನಲಾರೆ, ಅಲ್ಲ ಅಂತಲೂ ಹೇಳಲಾರೆ. ಆದರೆ ಎರಡು ವಾರ ದಾಟಿದರೂ ಹೋಗದ ಮಚ್ಚೆ, ಹುಣ್ಣು ಯಾವುದೇ ಇರಲಿ, ತೋರಿಸಲೇಬೇಕು. ನಿಮ್ಮದು ಎರಡು ತಿಂಗಳಾಗಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನೋದು ನಿಮಗೇ ಗೊತ್ತು. ಅದರ ಸಾರಿಗೂ ಬಾಯಿ ಉರಿದರೆ ಒಳಗಿನ ಚರ್ಮ ಸರಿಯಿಲ್ಲ ಅಂತಲೇ ಅರ್ಥ.

ಈಗ ನಿಮ್ಮ ಪ್ರಶ್ನೆ. ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಅನ್ನೋದು ಬಾಯಿಯ ವಿಷಯದಲ್ಲಿ ನಿಜವಲ್ಲ. ಕೆನ್ನೆಯ ಒಳಚರ್ಮದ ಕೋಶಗಳ ಮೇಲೆ, ಒಳಗೆ ಟೋಲ್-ಲೈಕ್ ರಿಸೆಪ್ಟರ್ ಅನ್ನೋ ಅಣುಗಳಿವೆ. ಬ್ಯಾಕ್ಟೀರಿಯಾದ ಚೂರು ತಾಗಿದರೂ, ನಮ್ಮದೇ ಕೋಶ ಸತ್ತು ಅದರ ಒಡಕು ತಾಗಿದರೂ ಅವು ಗಂಟೆ ಬಾರಿಸುತ್ತವೆ. ಇಂಥ ಗಂಟೆಗಳನ್ನು ಪತ್ತೆ ಮಾಡಿದ್ದಕ್ಕೇ ಬ್ರೂಸ್ ಬ್ಯೂಟ್ಲರ್, ಜೂಲ್ಸ್ ಹಾಫ್‌ಮನ್ ಅವರಿಗೆ 2011ರಲ್ಲಿ ನೊಬೆಲ್ ಬಂತು. ಗಂಟೆ ಬಾರಿಸಿದ ಮೇಲೆ ಐಎಲ್-6, ಐಎಲ್-8 ಅನ್ನೋ ಸಂದೇಶ ಅಣುಗಳು ಹೊರಟು ಬಿಳಿರಕ್ತಕಣಗಳನ್ನು ಕರೆತರುತ್ತವೆ. ಗಾಯಕ್ಕೆ ಇದು ಬೇಕೇ ಬೇಕು, ಮಾಯ್ದ ಮೇಲೆ ಎಲ್ಲ ಶಾಂತವಾಗುತ್ತದೆ.

ಆದರೆ ದಿನಕ್ಕೆ ಹತ್ತು ಸಲ ಅದೇ ಎಡಗೆನ್ನೆಯಲ್ಲಿ ಅಡಿಕೆ, ಸುಣ್ಣ, ತಂಬಾಕು ಒತ್ತಿಟ್ಟರೆ ಗಾಯ ಮಾಯುವುದಾದರೂ ಯಾವಾಗ? ಗಂಟೆ ನಿಲ್ಲುವುದೇ ಇಲ್ಲ, 15 ವರ್ಷ. ಆಗ ಐಎಲ್-6 ಕೆಟ್ಟ ಕೋಶಕ್ಕೆ ಸಾಯಬೇಡ, ಬದುಕು ಅನ್ನುತ್ತದೆ, ಐಎಲ್-8 ಆ ಜಾಗಕ್ಕೆ ಹೊಸ ರಕ್ತನಾಳ ಬೆಳೆಸುತ್ತದೆ, ಅಂದರೆ ನಮ್ಮನ್ನು ಕಾಯಬೇಕಾದ ಅಣುಗಳೇ ಕ್ಯಾನ್ಸರ್ ಗಡ್ಡೆಗೆ ಊಟ ಹಾಕಿದಂತಾಯಿತು.

ಇನ್ನೊಂದು ಗುಂಪಿದೆ, ಡಿಫೆನ್ಸಿನ್ ಅಂತ. ಬಾಯಿಯೇ ತಯಾರಿಸುವ ಸೋಂಕುನಾಶಕ. ಬಾಯಿ ಕ್ಯಾನ್ಸರಿನಲ್ಲಿ ಬೀಟಾ ಡಿಫೆನ್ಸಿನ್-1 ಕುಗ್ಗುತ್ತದೆ, ಇದು ಗಡ್ಡೆಗೆ ಕಡಿವಾಣ ಹಾಕುವಂಥದ್ದು. ಬೀಟಾ ಡಿಫೆನ್ಸಿನ್-3 ಮಾತ್ರ ಶುರುವಿನಲ್ಲೇ ಏರುತ್ತದೆ, ಮ್ಯಾಕ್ರೋಫೇಜ್ ಅನ್ನೋ ಬಿಳಿರಕ್ತಕಣಗಳನ್ನು ಎಳೆದು ತರುತ್ತದೆ, ಬಂದ ಅವುಗಳನ್ನು ಗಡ್ಡೆ ತನ್ನ ಕಡೆ ಮಾಡಿಕೊಳ್ಳುತ್ತದೆ. ಈಗ ಹೇಳಿ, ಪೌಡರ್ ಯಾವುದನ್ನು ಹೆಚ್ಚಿಸುತ್ತದಂತೆ, ಒಂದನ್ನೋ ಮೂರನ್ನೋ?

ಕೆಟ್ಟ ಕೋಶ ಕಂಡರೆ ಕೊಲ್ಲುವ ಎನ್‌ಕೆ ಕೋಶಗಳೂ ನಮ್ಮಲ್ಲಿವೆ, ಹುಟ್ಟಿನಿಂದಲೇ. ಅವನ್ನೂ ಕ್ಯಾನ್ಸರ್ ಮೋಸಗೊಳಿಸುತ್ತದೆ. ತನ್ನ ಮೈಮೇಲಿನ ಗುರುತನ್ನೇ ಕಿತ್ತು ಸುತ್ತಲೂ ಚೆಲ್ಲುತ್ತದೆ, ಎನ್‌ಕೆ ಕೋಶ ಆ ಚೂರು ಹಿಡಿದುಕೊಂಡು ನಿಜವಾದ ಶತ್ರುವನ್ನು ಬಿಡುತ್ತದೆ.

ಎಂಜಲು ಪರೀಕ್ಷೆಯಲ್ಲೇ ಐಎಲ್-8 ನೋಡಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಬಾಯಿ ಕ್ಯಾನ್ಸರಿನಲ್ಲಿ ಅದು ಏರುತ್ತದೆ, ನಿಜ. ಆದರೆ ಒಸಡಿನ ರೋಗದಲ್ಲೂ ಏರುತ್ತದೆ. ಹಾಗಾಗಿ ಖಚಿತವಾಗಬೇಕೆಂದರೆ ಬಯಾಪ್ಸಿಯೇ ಆಗಬೇಕು. ಜಾಗ ಮರಗಟ್ಟಿಸಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚೂರು ತೆಗೆಯುತ್ತಾರೆ. ಅದರಿಂದ ಕ್ಯಾನ್ಸರ್ ಹರಡುವುದಿಲ್ಲ. ಹೆದರಿ ಆರು ತಿಂಗಳು ಸುಮ್ನೆ ಕೂತರೆ, ಆಗ ಹರಡುತ್ತದೆ. ಈ ಭಯಕ್ಕೇ ತಡ ಮಾಡಿಕೊಂಡು ಬಂದವರನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು, ತಂಬಾಕು ಬಿಟ್ಟು ಬರೀ ಅಡಿಕೆ ಹಾಕ್ತೀನಿ ಅಂದರೆ ಒಪ್ಪಬೇಡಿ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನೋ ರಾಸಾಯನಿಕದಿಂದ ಕೆನ್ನೆಯೊಳಗೆ ನಾರು ಕಟ್ಟಿ ಬಾಯಿ ಬಿಗಿಯುತ್ತಾ ಹೋಗುತ್ತದೆ.

ಹಾವೇರಿ ಜಿಲ್ಲಾ ಆಸ್ಪತ್ರೆ ನಿಮಗೆ ಹತ್ತಿರ. ಇಲ್ಲವೇ ಧಾರವಾಡದ ಸತ್ತೂರಿನಲ್ಲಿರುವ ಎಸ್‌ಡಿಎಂ ದಂತ ಕಾಲೇಜಿಗೆ ಬನ್ನಿ. ಬಾಯಿ ಬಿಗಿದಿದೆಯಾ ಅಂತ ತಿಳಿಯಲು, ಇವತ್ತು ಸಂಜೆ ಅವರು ಕೆಲಸ ಮುಗಿಸಿ ಬಂದಾಗ ಬಾಯಿ ಪೂರ್ತಿ ತೆರೆಸಿ, ಅವರದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಹೋಗುತ್ತವಾ ನೋಡಿ. ಎಷ್ಟು ಹೋದವು ಅನ್ನೋದನ್ನು ಡಾಕ್ಟರಿಗೆ ಮರೆಯದೆ ಹೇಳಿ.