ಕ್ಯಾಪ್ಸೂಲ್ ಕೆಲಸ ಮಾಡುತ್ತಿದೆಯಾ, ಇಲ್ಲ ಹಾಗೆ ಅನಿಸುತ್ತಿದೆಯಾ?

ಪ್ರಶ್ನೆ: ನನಗೆ 43 ವರ್ಷ. ಮೂರು ವರ್ಷದ ಹಿಂದೆ ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ನೋಯುತ್ತಲೇ ಇರುವ ಕಾಯಿಲೆ, ಅಂದರು. ಡುಲಾಕ್ಸೆಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಸ್ವಲ್ಪ ವಾಸಿ, ಪೂರ್ತಿ ಇಲ್ಲ. ಎರಡು ತಿಂಗಳ ಹಿಂದೆ ಮೈಯೆಲ್ಲ ಹಿಂಡಿದಂತಾಗಿ ಹಾಸಿಗೆಯಿಂದ ಏಳಲಾಗದೆ ಇದ್ದಾಗ ಅರಿಶಿನ, ಶಲ್ಲಕಿ, ಅಶ್ವಗಂಧ, ಕಾಳುಮೆಣಸು ಸೇರಿಸಿದ ಒಂದು ಕ್ಯಾಪ್ಸೂಲ್ ತರಿಸಿಕೊಂಡೆ. ಹತ್ತೇ ದಿನಕ್ಕೆ ಎಷ್ಟೋ ಹಗುರವಾಯಿತು. ಈಗ ನೋವು ಮತ್ತೆ ಬಂದಿದೆ. ಡೋಸ್ ಹೆಚ್ಚಿಸಲಾ? ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆ ಕೂಡ ಒಳ್ಳೆಯದು ಅಂತ ಅಕ್ಕ ಹೇಳುತ್ತಿದ್ದಾಳೆ. ಇವೆರಡೂ ಇದ್ದರೆ ಡುಲಾಕ್ಸೆಟಿನ್ ಬಿಡಬಹುದಾ?

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ಕಾಯುವಂಥದ್ದಲ್ಲ. ಡುಲಾಕ್ಸೆಟಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಅಕ್ಕ ಹೇಳಿದ್ದನ್ನು ಶುರು ಮಾಡಬೇಡಿ. ಡುಲಾಕ್ಸೆಟಿನ್ ಮೆದುಳಿನಲ್ಲಿ ಸಂದೇಶ ಸಾಗಿಸುವ ಸಿರೊಟೋನಿನ್ ಎಂಬ ರಾಸಾಯನಿಕದ ಮಟ್ಟವನ್ನು ಏರಿಸುತ್ತದೆ, ಸೇಂಟ್ ಜಾನ್ಸ್ ವರ್ಟ್ ಕೂಡ ಅದೇ ಕೆಲಸ ಮಾಡುತ್ತದೆ. ಎರಡೂ ಸೇರಿದರೆ ಮೈ ನಡುಕ, ಬೆವರು, ಎದೆ ಬಡಿತ, ಗಾಬರಿ, ಜ್ವರ ಎಲ್ಲ ಒಟ್ಟಿಗೆ ಬಂದು ಆಸ್ಪತ್ರೆಗೆ ಓಡಬೇಕಾಗಬಹುದು. ಅದೂ ಅಲ್ಲದೆ ಆ ಗಿಡ ಲಿವರ್‌ನಲ್ಲಿ ಔಷಧಿಗಳನ್ನು ಒಡೆಯುವ ಕಿಣ್ವಗಳನ್ನು ಚುರುಕು ಮಾಡುವುದರಿಂದ ಗರ್ಭನಿರೋಧಕ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆಯಂಥವು ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಇನ್ನು ಡುಲಾಕ್ಸೆಟಿನ್ ದಿಢೀರ್ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಸಣ್ಣದಾಗಿ ಕರೆಂಟ್ ಹೊಡೆದ ಹಾಗೆ ಆಗುವುದು ಉಂಟು. ಬಿಡಲೇಬೇಕು ಅಂದರೆ ಬರೆದುಕೊಟ್ಟ ಡಾಕ್ಟರ ಜೊತೆ ಮಾತಾಡಿ, ನಿಧಾನವಾಗಿ ಇಳಿಸಬೇಕು.

ಈಗ ಆ ಹತ್ತು ದಿನದ ವಿಷಯ.

ನೀವು ಕ್ಯಾಪ್ಸೂಲ್ ತರಿಸಿದ್ದು ಯಾವಾಗ ಅಂತ ನೀವೇ ಬರೆದಿದ್ದೀರಿ: ಹಾಸಿಗೆಯಿಂದ ಏಳಲಾಗದೆ ಇದ್ದಾಗ. ಎಲ್ಲರೂ ಹಾಗೇ. ಚೆನ್ನಾಗಿರುವ ದಿನ ಯಾರೂ ಹೊಸ ಔಷಧಿ ಹುಡುಕುವುದಿಲ್ಲ ಅಲ್ವಾ? ಫೈಬ್ರೊಮಯಾಲ್ಜಿಯಾ ನೋವು ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಅತಿ ಕೆಟ್ಟ ವಾರದ ನಂತರ ಬರುವ ವಾರ ಸ್ವಲ್ಪ ಹಗುರವಾಗಿರುವ ಸಾಧ್ಯತೆಯೇ ಜಾಸ್ತಿ, ಏನೂ ನುಂಗದೆ ಇದ್ದರೂ. ಆ ಹೊತ್ತಿಗೆ ಸರಿಯಾಗಿ ಒಂದು ಕ್ಯಾಪ್ಸೂಲ್ ಬಾಯಿಗೆ ಬಿದ್ದಿದ್ದರೆ ಹೆಸರು ಅದಕ್ಕೇ. ಇದರ ಮೇಲೆ ನಂಬಿಕೆಯ ಪರಿಣಾಮ ಬೇರೆ ಸೇರುತ್ತದೆ. ಈ ಕಾಯಿಲೆಯ ಔಷಧಿ ಪ್ರಯೋಗಗಳಲ್ಲಿ ಏನೂ ಔಷಧಿ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ನೋವು ಅರ್ಧಕ್ಕೆ ಇಳಿದಿರುತ್ತದೆ. ಅವರ ನೋವು ಸುಳ್ಳು ಅಂತ ಅರ್ಥ ಅಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ನಿಜವಾದ ನೋವೇ ನಿಜವಾಗಿ ಇಳಿಯುತ್ತದೆ. ಆದರೆ ಇಳಿಸಿದ್ದು ಅರಿಶಿನವೋ ಶಲ್ಲಕಿಯೋ ಅಂತ ಇದರಿಂದ ಹೇಳಲಾಗದು.

ಇನ್ನೊಂದು ಮಾತು, ಇದನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ. ನಿಮ್ಮ ಕ್ಯಾಪ್ಸೂಲಿನ ಜಾಹೀರಾತು 'ಉರಿಯೂತ ತಗ್ಗಿಸುತ್ತದೆ' ಅಂತಲೇ ಇರುತ್ತದೆ, ನೋಡದೆಯೇ ಹೇಳಬಲ್ಲೆ. ಆದರೆ ಫೈಬ್ರೊಮಯಾಲ್ಜಿಯಾ ಉರಿಯೂತದ ಕಾಯಿಲೆ ಅಲ್ಲ. ಕೀಲು ಊದಿರುವುದಿಲ್ಲ, ಸ್ನಾಯು ಹಾಳಾಗಿರುವುದಿಲ್ಲ, ರಕ್ತದಲ್ಲಿ ಉರಿಯೂತವನ್ನು ತೋರಿಸುವ ಇಎಸ್ಆರ್, ಸಿಆರ್‌ಪಿ ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ. ತೊಂದರೆ ಇರುವುದು ನೋವಿನ ಸಂಕೇತವನ್ನು ಮೆದುಳು ಮತ್ತು ಬೆನ್ನುಹುರಿ ನಿಭಾಯಿಸುವ ರೀತಿಯಲ್ಲಿ. ರೇಡಿಯೋದ ವಾಲ್ಯೂಮ್ ಗುಂಡಿ ಮೇಲಕ್ಕೆ ತಿರುಗಿ ಅಲ್ಲೇ ಸಿಕ್ಕಿಹಾಕಿಕೊಂಡ ಹಾಗೆ, ಸಣ್ಣ ಒತ್ತಡವೂ ನೋವಾಗಿ ಕೇಳಿಸುತ್ತದೆ. ಉರಿಯೂತಕ್ಕೆಂದೇ ಮಾಡಿದ ಐಬುಪ್ರೊಫೆನ್‌ನಂಥ ಮಾತ್ರೆಗಳೇ ಇಲ್ಲಿ ಹೆಚ್ಚೇನೂ ಮಾಡುವುದಿಲ್ಲ, ನೀವೂ ನುಂಗಿ ನೋಡಿರುತ್ತೀರಿ. ಹಾಗಿರುವಾಗ ಅದೇ ಕೆಲಸವನ್ನು ಅದಕ್ಕಿಂತ ಮೆಲ್ಲಗೆ ಮಾಡುವ ಗಿಡಮೂಲಿಕೆ ಏನು ಮಾಡೀತು? ಮೊಣಕಾಲಿನ ಸವೆತದ ನೋವಿಗೆ ಅರಿಶಿನ, ಶಲ್ಲಕಿ ಸ್ವಲ್ಪ ಸಹಾಯ ಮಾಡುತ್ತವೆ ಅಂತ ತೋರಿಸುವ ಪ್ರಯೋಗಗಳು ಇವೆ. ಅದನ್ನು ಎತ್ತಿಕೊಂಡು ಬಂದು ಎಲ್ಲ ನೋವಿಗೂ ಅಂಟಿಸುತ್ತಾರೆ.

ಅಶ್ವಗಂಧದ ಕಥೆ ಸ್ವಲ್ಪ ಬೇರೆ. ಅದನ್ನು ನಿದ್ದೆ, ಮಾನಸಿಕ ಒತ್ತಡಕ್ಕೆ ಪರೀಕ್ಷಿಸಿದ್ದಾರೆ, ನಿದ್ದೆ ತುಸು ಸುಧಾರಿಸಿದ ಫಲಿತಾಂಶಗಳೂ ಇವೆ. ಫೈಬ್ರೊಮಯಾಲ್ಜಿಯಾದಲ್ಲಿ ನಿದ್ದೆ ಕೆಟ್ಟರೆ ಮರುದಿನದ ನೋವು ಏರುವುದರಿಂದ ಆ ದಾರಿಯಲ್ಲಿ ಏನಾದರೂ ಲಾಭ ಆಗಬಹುದು, ತಾತ್ವಿಕವಾಗಿ. ಇಷ್ಟನ್ನೇ ಹೇಳಬಲ್ಲೆ.

ಸರಿ, ನಿಮಗೆ ಲಾಭ ಆಗುತ್ತಿದೆಯೋ ಇಲ್ಲವೋ ಅಂತ ನೋಡುವುದು ಹೇಗೆ? ಡೋಸ್ ಹೆಚ್ಚಿಸಿ ನೋಡುವುದಲ್ಲ. ಬದಲಿಗೆ ನಿಲ್ಲಿಸಿ ನೋಡಿ. ಕ್ಯಾಪ್ಸೂಲ್ ನಿಲ್ಲಿಸಿ ಮೂರು ವಾರ ಒಂದು ನೋಟ್‌ಬುಕ್‌ನಲ್ಲಿ ದಿನಾ ರಾತ್ರಿ ಒಂದೇ ಹೊತ್ತಿಗೆ ನಾಲ್ಕು ವಿಷಯ ಬರೆಯಿರಿ: ಇವತ್ತಿನ ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಎಷ್ಟು ಗಂಟೆ ನಿದ್ದೆ, ಎಷ್ಟು ಹೊತ್ತು ನಡೆದಿರಿ, ಹೆಚ್ಚುವರಿ ನೋವಿನ ಮಾತ್ರೆ ಎಷ್ಟು ಬೇಕಾಯಿತು. ಮುಟ್ಟಿನ ದಿನಗಳನ್ನೂ ಗುರುತು ಹಾಕಿ. ಆಮೇಲೆ ನಿಮ್ಮ ಡಾಕ್ಟರು ಆಗಬಹುದು ಅಂದರೆ ಮಾತ್ರ ಒಂದೇ ಒಂದು ಮೂಲಿಕೆ ಇರುವ ಕ್ಯಾಪ್ಸೂಲ್ ಶುರು ಮಾಡಿ, ಆರರಿಂದ ಎಂಟು ವಾರ, ಆ ಅವಧಿಯಲ್ಲಿ ಬೇರೆ ಏನನ್ನೂ ಹೊಸದಾಗಿ ಸೇರಿಸದೆ, ಬಿಡದೆ, ಬದಲಿಸದೆ. ನಾಲ್ಕು ಮೂಲಿಕೆ ಒಟ್ಟಿಗೆ ಇದ್ದರೆ ಯಾವುದಕ್ಕೆ ಗುಣವಾಯಿತು ಅಂತಲೂ ಗೊತ್ತಾಗುವುದಿಲ್ಲ, ಯಾವುದಕ್ಕೆ ಮೈ ತುರಿಸಿತು ಅಂತಲೂ ಗೊತ್ತಾಗುವುದಿಲ್ಲ.

ಕೊನೆಗೆ ಸರಾಸರಿ ತೆಗೆಯಿರಿ. ಒಳ್ಳೆಯ ದಿನ ನೆನಪಿನಲ್ಲಿ ಉಳಿಯುತ್ತದೆ, ಆದ್ದರಿಂದ ನೆನಪನ್ನು ಕೇಳಬೇಡಿ, ನೋಟ್‌ಬುಕ್ ಕೇಳಿ. ಹತ್ತರಲ್ಲಿ ಎರಡು ಅಂಕ ಅಥವಾ ಮೂರನೇ ಒಂದು ಭಾಗದಷ್ಟು ನೋವು ಇಳಿದರೆ ಅದು ಜೀವನಕ್ಕೆ ತಟ್ಟುವ ವ್ಯತ್ಯಾಸ. ಏಳು ಇದ್ದದ್ದು ಆರೂವರೆ ಆದರೆ ಅದು ಹವಾಮಾನದ ಹಾಗೆ ಬಂದುಹೋಗುವ ಏರಿಳಿತ ಅಷ್ಟೇ. ನಿಜಕ್ಕೂ ಇಳಿದಿದ್ದರೆ ಮತ್ತೆ ಮೂರು ವಾರ ನಿಲ್ಲಿಸಿ ನೋಡಿ. ನೋವು ಹಳೆಯ ಮಟ್ಟಕ್ಕೆ ಏರಿ, ಮತ್ತೆ ಶುರು ಮಾಡಿದಾಗ ಮತ್ತೆ ಇಳಿದರೆ, ಆಗ ನಾನೂ ಒಪ್ಪುತ್ತೇನೆ. ಎಂಟು ವಾರಕ್ಕೂ ಏನೂ ಕಾಣದಿದ್ದರೆ ಬಿಟ್ಟುಬಿಡಿ. 'ಇನ್ನೂ ಮೂರು ತಿಂಗಳು ನೋಡಿ, ಬೇರಿಂದ ಗುಣ ಮಾಡುತ್ತದೆ' ಅನ್ನುವವರ ಮಾತಿಗೆ ಕೊನೆಯೇ ಇರುವುದಿಲ್ಲ.

ಶುರು ಮಾಡುವ ಮುಂಚೆ ಲಿವರ್ ಪರೀಕ್ಷೆ ಮಾಡಿಸಿ ಅಂತ ನಾನು ಹೇಳುವುದಕ್ಕೆ ಕಾರಣ ಇದೆ. ಅರಿಶಿನದ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಬಹಳ ಕಡಿಮೆ ಹೋಗುತ್ತದೆ. ಅದಕ್ಕೇ ಕಾಳುಮೆಣಸಿನ ಪೈಪರಿನ್ ಸೇರಿಸುತ್ತಾರೆ. 1998ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಹಾಗೆ ಸೇರಿಸಿದಾಗ ರಕ್ತಕ್ಕೆ ಸೇರುವ ಪ್ರಮಾಣ 20 ಪಟ್ಟು ಏರಿತ್ತು. ಮಾರುವವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಪೈಪರಿನ್ ಬೇರೆ ಔಷಧಿಗಳ ಮಟ್ಟವನ್ನೂ ಏರಿಸಬಲ್ಲದು. ಕಾಳುಮೆಣಸು ಸೇರಿದ ಅರಿಶಿನ ಕ್ಯಾಪ್ಸೂಲಿನಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ, ಅಶ್ವಗಂಧದಿಂದಲೂ ಆಗಿವೆ. ಅಪರೂಪ, ಆದರೆ ಡುಲಾಕ್ಸೆಟಿನ್‌ಗೂ ಲಿವರ್‌ನ ಎಚ್ಚರಿಕೆ ಇದೆಯಲ್ಲ, ಮೂರೂ ಒಟ್ಟಿಗೆ ಯಾಕೆ? ಅಡುಗೆಯ ಅರಿಶಿನಕ್ಕೆ ಹೆದರಬೇಡಿ, ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರು ಪಾಲಿನ ಆಸುಪಾಸು. ಕ್ಯಾಪ್ಸೂಲಿನಲ್ಲಿ ಅದನ್ನೇ ಹಿಂಡಿ ತೆಗೆದು ತುಂಬಿರುತ್ತಾರೆ. ಕಣ್ಣು ಹಳದಿ, ಮೂತ್ರ ಕಪ್ಪು, ಹೊಟ್ಟೆ ತೊಳೆಸಿ ಊಟ ಸೇರದೆ ಇದ್ದರೆ ಅವತ್ತೇ ನಿಲ್ಲಿಸಿ ಪರೀಕ್ಷೆಗೆ ಹೋಗಿ. ಥೈರಾಯಿಡ್ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಅಶ್ವಗಂಧದ ತಂಟೆಗೆ ಹೋಗುವುದೇ ಬೇಡ. ರಕ್ತ ತೆಳು ಮಾಡುವ ಮಾತ್ರೆ ಇರುವವರು ಅರಿಶಿನದ ಕ್ಯಾಪ್ಸೂಲಿನಿಂದ ದೂರ ಇರಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ಫೈಬ್ರೊಮಯಾಲ್ಜಿಯಾದ ಎಲ್ಲ ಚಿಕಿತ್ಸೆಗಳನ್ನೂ ಅಳೆದು ನೋಡಿದಾಗ 'ಖಂಡಿತ ಮಾಡಿ' ಅಂತ ಬಲವಾದ ಶಿಫಾರಸು ಸಿಕ್ಕಿದ್ದು ಒಂದೇ ಒಂದಕ್ಕೆ, ವ್ಯಾಯಾಮಕ್ಕೆ. ಮಾತ್ರೆಗಳಿಗೂ ಸಿಗಲಿಲ್ಲ. ಮೈ ನೋಯುತ್ತಿರುವವರಿಗೆ ನಡೆಯಿರಿ ಅಂದರೆ ಎಷ್ಟು ಸಿಟ್ಟು ಬರುತ್ತದೆ ಅಂತ ನನಗೆ ಗೊತ್ತು, ನನ್ನ ಎದುರು ಕೂತು ಬೈದವರೂ ಇದ್ದಾರೆ. ಐದು ನಿಮಿಷದಿಂದ ಶುರು ಮಾಡಿ, ವಾರಕ್ಕೆ ಒಂದೆರಡು ನಿಮಿಷ ಏರಿಸಿ. ಒಳ್ಳೆಯ ದಿನ ಸಿಕ್ಕಿತು ಅಂತ ಒಂದೇ ಸಲ ಒಂದು ಗಂಟೆ ನಡೆದರೆ ಮುಂದಿನ ಮೂರು ದಿನ ಹಾಸಿಗೆಯೇ ಗತಿ.

ಪ್ರಶ್ನೆ: ನಮ್ಮ ಅತ್ತೆಗೆ 66 ವರ್ಷ. ಎಂಟು ತಿಂಗಳಿಂದ ಭುಜ, ಸೊಂಟ ಬೆಳಿಗ್ಗೆ ಎದ್ದಾಗ ಕಟ್ಟಿಹಾಕಿದ ಹಾಗೆ ಬಿಗಿ, ಕೈ ಎತ್ತಿ ತಲೆ ಬಾಚಲಾಗದು. ಫೈಬ್ರೊಮಯಾಲ್ಜಿಯಾ ಇರಬಹುದು ಅಂದಿದ್ದರು. ಯಾರೋ ಕೊಟ್ಟ ಮೂಲಿಕೆ ಗುಳಿಗೆಯಿಂದ ಮೂರೇ ದಿನದಲ್ಲಿ ಎದ್ದು ಓಡಾಡುತ್ತಿದ್ದಾರೆ! ಇದನ್ನೇ ಮುಂದುವರಿಸಬಹುದಲ್ವಾ?

ನಿಮ್ಮ ಪತ್ರ ಓದಿ ನನಗೆ ಖುಷಿಗಿಂತ ಭಯವೇ ಆಯಿತು. ಯಾವ ಬೇರೂ ತೊಗಟೆಯೂ ಮೂರು ದಿನದಲ್ಲಿ ಹೀಗೆ ಎಬ್ಬಿಸಿ ನಿಲ್ಲಿಸುವುದಿಲ್ಲ. ಎಬ್ಬಿಸುವುದು ಸ್ಟಿರಾಯ್ಡ್, ಉರಿಯೂತವನ್ನು ಬಲವಾಗಿ ಅದುಮುವ ಔಷಧಿ. ಇದು ಬರೀ ಊಹೆಯ ಮಾತಲ್ಲ. 2022ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೀಲುನೋವಿಗೆ ಅಂತ ಮಾರುತ್ತಿದ್ದ ಕೆಲವು 'ನೈಸರ್ಗಿಕ' ಮಾತ್ರೆಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಮತ್ತು ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಕದ್ದು ಬೆರೆಸಿರುವುದನ್ನು ಪತ್ತೆಹಚ್ಚಿ ಎಚ್ಚರಿಕೆ ಕೊಟ್ಟಿತ್ತು. ಡಬ್ಬಿಯ ಮೇಲೆ ಅವುಗಳ ಹೆಸರೇ ಇರಲಿಲ್ಲ.

ಇಲ್ಲಿ ಇನ್ನೊಂದು ಸುಳಿವೂ ಇದೆ. ಫೈಬ್ರೊಮಯಾಲ್ಜಿಯಾ ನೋವು ಸ್ಟಿರಾಯ್ಡ್‌ಗೆ ಜಗ್ಗುವುದಿಲ್ಲ. ಅತ್ತೆಗೆ ಜಗ್ಗಿದೆ ಅಂದರೆ ಕಾಯಿಲೆಯೇ ಬೇರೆ ಇರಬಹುದು. 50 ದಾಟಿದವರಲ್ಲಿ ಭುಜ ಮತ್ತು ಸೊಂಟ ಬೆಳಿಗ್ಗೆ ಹೊತ್ತು ಹೀಗೆ ಬಿಗಿಯುವ ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಅನ್ನುವ ಕಾಯಿಲೆ ಇದೆ, ಹೆಸರು ಹತ್ತಿರ, ಕಾಯಿಲೆ ದೂರ. ಅದು ಉರಿಯೂತದ್ದು. ಇಎಸ್ಆರ್, ಸಿಆರ್‌ಪಿ ಸಾಮಾನ್ಯವಾಗಿ ಏರಿರುತ್ತವೆ, ಸಣ್ಣ ಪ್ರಮಾಣದ ಸ್ಟಿರಾಯ್ಡ್‌ಗೆ ಕೆಲವೇ ದಿನಗಳಲ್ಲಿ ಕರಗುತ್ತದೆ. ಅದಕ್ಕೆ ಸರಿಯಾದ ಚಿಕಿತ್ಸೆಯೂ ಅದೇ, ಆದರೆ ಅಳತೆ ಮಾಡಿ, ಸಕ್ಕರೆ, ಬಿಪಿ, ಮೂಳೆ ನೋಡಿಕೊಂಡು.

ಈ ವಾರವೇ ಗುಳಿಗೆಯ ಡಬ್ಬಿಯ ಸಮೇತ ಸಂಧಿವಾತ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿವರೆಗೆ ಗುಳಿಗೆಯನ್ನು ಏಕಾಏಕಿ ನಿಲ್ಲಿಸಲೂ ಬೇಡಿ, ಮುಖ್ಯವಾಗಿ ಮೂರು ನಾಲ್ಕು ವಾರ ದಾಟಿದ್ದರೆ. ಹೊರಗಿನ ಸ್ಟಿರಾಯ್ಡ್‌ಗೆ ಒಗ್ಗಿದ ದೇಹ ತನ್ನದನ್ನು ಮಾಡುವುದನ್ನೇ ಮರೆತಿರುತ್ತದೆ, ದಿಢೀರ್ ನಿಂತರೆ ಬಿಪಿ ಕುಸಿದು ಬಿದ್ದುಬಿಡಬಹುದು. ಇನ್ನೂ ಒಂದು: ಹೊಸದಾಗಿ ತಲೆನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜಾಗುವುದು ಇದ್ದರೆ ವಾರ ಕಾಯಬೇಡಿ, ಅವತ್ತೇ ಹೋಗಿ. ಈ ಕಾಯಿಲೆಯ ಜೊತೆಗೆ ರಕ್ತನಾಳದ ಊತ ಬಂದರೆ ದೃಷ್ಟಿಯೇ ಹೋಗಬಹುದು.

ಪ್ರಶ್ನೆ: ಹುಸಿ ಪರಿಣಾಮವೇ ಇರಲಿ, ನೋವು ಕಡಿಮೆಯಾದರೆ ಸಾಕಲ್ವಾ? ನೀವು ಡಾಕ್ಟರುಗಳು ಸುಮ್ನೆ ಅದನ್ನೂ ಕಿತ್ತುಕೊಳ್ಳುತ್ತೀರಿ.

ಬೈಗುಳ ಒಪ್ಪಿದೆ. ಮಾತಿನಲ್ಲಿ ಅರ್ಥವೂ ಇದೆ. 2010ರಲ್ಲಿ ಕರುಳಿನ ಕಿರಿಕಿರಿ ಇದ್ದವರಿಗೆ 'ಇದರಲ್ಲಿ ಔಷಧಿ ಇಲ್ಲ' ಅಂತ ಹೇಳಿಯೇ ಹುಸಿ ಮಾತ್ರೆ ಕೊಟ್ಟ ಪ್ರಯೋಗದಲ್ಲೂ, ಏನೂ ತೆಗೆದುಕೊಳ್ಳದವರಿಗಿಂತ ಅವರಿಗೆ ಹೆಚ್ಚು ಆರಾಮ ಸಿಕ್ಕಿತ್ತು. ಆದ್ದರಿಂದ ನಿಮ್ಮ ಕ್ಯಾಪ್ಸೂಲ್ ನಿಮ್ಮ ಬೇರೆ ಮಾತ್ರೆಗಳ ಜೊತೆ ಜಗಳ ಆಡುವುದಿಲ್ಲ ಅಂತ ಖಾತ್ರಿಯಾಗಿದ್ದರೆ, ಒಳಗೆ ಏನಿದೆ ಅಂತ ಸ್ವತಂತ್ರ ಲ್ಯಾಬ್‌ನಲ್ಲಿ ಪರೀಕ್ಷೆ ಆಗಿದ್ದರೆ, ಅದನ್ನು ನಂಬಿ ನಡಿಗೆ, ನಿದ್ದೆ, ಬರೆದುಕೊಟ್ಟ ಮಾತ್ರೆ ಯಾವುದನ್ನೂ ಬಿಡದೆ ಇದ್ದರೆ, ಖರ್ಚು ಮನೆಗೆ ಭಾರ ಆಗದಿದ್ದರೆ, ನಾನಂತೂ ಬೇಡ ಅನ್ನುವುದಿಲ್ಲ.

ಲ್ಯಾಬ್ ಪರೀಕ್ಷೆ ಅಂತ ಯಾಕೆ ಹೇಳಿದೆ ಅಂದರೆ, 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಟರ್ನೆಟ್‌ನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ತರಿಸಿ ನೋಡಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸೀಸ ಮೈಗೆ ಸೇರಿದರೆ ಏನಾಗುತ್ತೆ ಗೊತ್ತಾ? ಸುಸ್ತು, ಮೈಕೈ ನೋವು, ನಿದ್ದೆ ಇಲ್ಲ, ಮರೆವು. ಫೈಬ್ರೊಮಯಾಲ್ಜಿಯಾ ಜಾಸ್ತಿಯಾಯಿತು ಅಂದುಕೊಂಡು ನೀವು ಇನ್ನೊಂದು ಡಬ್ಬಿ ತರಿಸುತ್ತೀರಿ.