ದಾವಣಗೆರೆ ತಂಗಿಗೆ, ಪುಣೆಯಿಂದ

ತಂಗಿ, ನಿನ್ನ ಮೆಸೇಜು ಓದಿದೆ. ಜೂನ್‌ನಲ್ಲಿ ದಾವಣಗೆರೆ ಬಿಟ್ಟು ಪುಣೆಗೆ ಬರುತ್ತಿದ್ದೀಯ, ಹಿಂಜವಡಿಯಲ್ಲಿ ಕೆಲಸ. ರೂಮು ಎಲ್ಲಿ ನೋಡಲಿ, ಮರಾಠಿ ಬರದಿದ್ದರೆ ನಡೆಯುತ್ತಾ, ಕನ್ನಡ ಸಿನಿಮಾ ಸಿಗುತ್ತಾ ಅಂತ ಕೇಳಿದ್ದೀಯ. ಕೊನೆಗೆ, 'ದೀಪಾವಳಿಗೆ ಅಪ್ಪ ಬರ್ತಾರೆ, ಅವರಿಗೆ ಕಂಪನಿ ನಾಟಕದ ಹುಚ್ಚು, ಅಲ್ಲಿ ಏನಾದ್ರೂ ತೋರಿಸೋಕೆ ಇದೆಯಾ ಅಕ್ಕಾ' ಅಂತ. ಮೊದಲ ಮೂರಕ್ಕೆ ಎರಡೆರಡು ಮಾತು ಸಾಕು. ನಾಲ್ಕನೆಯದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ರೂಮು ವಾಕಡ್ ಕಡೆ ನೋಡು. ಬಾಡಿಗೆ ಎಷ್ಟು ಅಂತ ನನಗಿಂತ ನಿನ್ನ ಆಫೀಸಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮರಾಠಿ ಮೂರು ತಿಂಗಳಲ್ಲಿ ಕಿವಿಗೆ ಬೀಳುತ್ತದೆ, ಆರು ತಿಂಗಳಲ್ಲಿ ಬಾಯಿಗೆ ಬರುತ್ತದೆ. ತಪ್ಪು ಮಾತಾಡಿದರೆ ಇಲ್ಲಿಯವರು ತಿದ್ದುತ್ತಾರೆ. ಕೇಳದಿದ್ದರೂ ತಿದ್ದುತ್ತಾರೆ. ಬೇಜಾರು ಮಾಡಿಕೊಳ್ಳಬೇಡ, ಅದು ಈ ಊರಿನ ಪ್ರೀತಿ.

ನಾನು ಬಂದಿದ್ದು 1999ರ ಜೂನ್. ಧಾರವಾಡದಿಂದ ರಾತ್ರಿ ಬಸ್ಸು, ಬೆಳಗಿನ ಜಾವ ಸ್ವಾರ್‌ಗೇಟ್‌ನಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಕೈಯಲ್ಲಿ ಒಂದು ಟ್ರಂಕು, ಒಂದು ಬುಟ್ಟಿ. ಬುಟ್ಟಿಯಲ್ಲಿ ಏನಿತ್ತು ಅಂತ ನಿನಗೆ ಹೇಳಬೇಕಾಗಿಲ್ಲ. ಸದಾಶಿವ ಪೇಠದಲ್ಲಿ ಒಬ್ಬ ಆಜಿಯ ಮನೆಯಲ್ಲಿ ಒಂದು ಕೋಣೆ ಸಿಕ್ಕಿತು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಬಡಿಯಬಾರದು ಅಂತ ಗೋಡೆಯ ಮೇಲೇ ಬರೆದಿದ್ದರು. ಆ ಭಾನುವಾರ ಮಾತಾಡಲು ಯಾರೂ ಇರಲಿಲ್ಲ. ಹೋಗಿ 'ಹಮ್ ದಿಲ್ ದೇ ಚುಕೇ ಸನಮ್' ನೋಡಿ ಬಂದೆ. ಕಥೆಗೆ ಅಳು ಬಂತೋ, ಊರು ನೆನಪಾಗಿ ಅಳು ಬಂತೋ ಗೊತ್ತಾಗಲಿಲ್ಲ. ಅವತ್ತಿನಿಂದ ವಾರಕ್ಕೊಂದು ಸಿನಿಮಾ ರೂಢಿಯಾಯಿತು. ಹಾಗಂತ ನಾನೇನು ದೊಡ್ಡ ವಿಮರ್ಶಕಿ ಅಲ್ಲ. ಚೆನ್ನಾಗಿದ್ದರೆ ಕೂರುತ್ತೇನೆ, ಇಲ್ಲದಿದ್ದರೆ ಇಂಟರ್ವಲ್‌ನಲ್ಲಿ ಎದ್ದು ಬರುತ್ತೇನೆ.

ಕನ್ನಡ ಸಿನಿಮಾ ಸಿಗುತ್ತದೆ. ದೊಡ್ಡವು ಮಾತ್ರ, ಅದೂ ಕೆಲವು ದಿನ, ಯಾವುದೋ ಮೂಲೆಯ ಮಲ್ಟಿಪ್ಲೆಕ್ಸ್‌ನಲ್ಲಿ, ಹೊತ್ತಲ್ಲದ ಹೊತ್ತಿನ ಆಟ. ಬಿಡುಗಡೆಯಾದ ವಾರವೇ ನೋಡಿಬಿಡು. 2022ರಲ್ಲಿ 'ಕಾಂತಾರ' ನಾನು ಇಲ್ಲೇ ಕನ್ನಡದಲ್ಲೇ ನೋಡಿದೆ, ಹಿಂದಿ ಅವತರಣಿಕೆ ಬರುವುದಕ್ಕೆ ಮುಂಚೆ. ನಡುವಿನ ಪ್ರೇಮದ ಭಾಗದಲ್ಲಿ ಫೋನ್ ನೋಡಿಕೊಂಡೆ ಅಂದರೆ ಬೈಯಬೇಡ. ಆದರೆ ಕೊನೆಯ ಇಪ್ಪತ್ತು ನಿಮಿಷ, ದೈವದ ಆ ಕೂಗು ಬಂದಾಗ, ಪಕ್ಕದಲ್ಲಿ ಕೂತಿದ್ದ ಮಂಗಳೂರು ಕಡೆಯ ಹೆಂಗಸು ಕೈ ಮುಗಿದು ಕೂತುಬಿಟ್ಟರು. ಅಂದಹಾಗೆ, ಇಲ್ಲಿ ಸಿನಿಮಾ ಶುರುವಾಗುವ ಮುಂಚೆ ರಾಷ್ಟ್ರಗೀತೆ ಹಾಕುತ್ತಾರೆ. 2003ರಿಂದ ಹಾಗೇ. ಪಾಪ್‌ಕಾರ್ನ್ ಆಮೇಲೆ ಬಿಚ್ಚು.

ಮರಾಠಿ ಸಿನಿಮಾ ನೋಡು, ಭಾಷೆ ಬೇಗ ಬರುತ್ತದೆ. ನಮ್ಮ 'ಮನಸು ಮಲ್ಲಿಗೆ' ನೋಡಿದ್ದೀಯಲ್ವಾ? ಅದರ ಮೂಲ 'ಸೈರಾಟ್' 2016ರಲ್ಲಿ ಬಂದಾಗ ಇಲ್ಲಿ ಜನ ಸೀಟು ಬಿಟ್ಟು ಎದ್ದು ಕುಣಿದಿದ್ದರು. ಕನ್ನಡದಲ್ಲೂ ಅದೇ ಹುಡುಗಿ ರಿಂಕು ರಾಜಗುರು, ಅದೇ ಅಜಯ್-ಅತುಲ್ ಸಂಗೀತ. ಆದರೂ ನನಗೆ ಬೇರೆಯವರ ಅಳತೆಗೆ ಹೊಲಿಸಿದ ರವಿಕೆ ತೊಟ್ಟ ಹಾಗಾಯಿತು.

ಇನ್ನು ನಿಮ್ಮಪ್ಪನ ವಿಷಯ.

2003ರ ಕೊನೆಗೆ ನಮ್ಮವ್ವ ಎರಡು ತಿಂಗಳು ನನ್ನ ಜೊತೆ ಇರಲು ಬಂದಿದ್ದಳು. ಅವ್ವ ಹುಟ್ಟಿ ಬೆಳೆದದ್ದು ಬೆಳಗಾವಿ. ಮನೆಮಾತು ಕನ್ನಡ, ಆದರೆ ಮರಾಠಿ ಓದುತ್ತಾಳೆ, ಅಡುಗೆ ಮಾಡುವಾಗ ಮರಾಠಿ ರಂಗಗೀತೆ ಗುನುಗುತ್ತಾಳೆ. ಇಲ್ಲಿಯ ಪತ್ರಿಕೆಗಳಲ್ಲಿ ನಾಟಕಗಳ ಜಾಹೀರಾತಿಗೆಂದೇ ಒಂದು ಜಾಗ ಇರುತ್ತದೆ. ಒಂದು ಬೆಳಿಗ್ಗೆ ಅವ್ವ ಪೇಪರನ್ನು ಆ ಜಾಹೀರಾತು ಮೇಲೆ ಬರುವ ಹಾಗೆ ಮಡಚಿ ನನ್ನ ಚಹಾದ ಪಕ್ಕ ಇಟ್ಟಿದ್ದಳು. ಬಾಲಗಂಧರ್ವ ರಂಗಮಂದಿರದಲ್ಲಿ 'ಸಂಗೀತ ಸೌಭದ್ರ', ಹಾಡುಗಳೇ ತುಂಬಿದ ಹಳೆಯ ಮರಾಠಿ ನಾಟಕ. ನಾನು ನೋಡಿಯೂ ನೋಡದವಳ ಹಾಗೆ ಆಫೀಸಿಗೆ ಹೋದೆ. ಮುಂದಿನ ವಾರ ಮತ್ತೆ ಮಡಚಿದ ಪೇಪರು. ಮೂರನೆಯ ಸಲ ಬಾಯಿಬಿಟ್ಟೇ ಕೇಳಿದಳು, 'ಸೌಭದ್ರ ಐತಿ ನೋಡವಾ, ಹೋಗೂಣೇನು?'

'ಆ ಹಳೇ ಆಲಾಪ ಮೂರು ತಾಸು ಯಾರು ಕೇಳ್ತಾರ ಅವ್ವಾ' ಅಂದೆ. ಹೊಸದಾಗಿ ತೆರೆದ ಮಲ್ಟಿಪ್ಲೆಕ್ಸಿಗೆ ಕರೆದುಕೊಂಡು ಹೋಗಿ 'ಕಲ್ ಹೋ ನಾ ಹೋ' ತೋರಿಸಿದೆ. ಎಸ್ಕಲೇಟರ್ ಹತ್ತಲು ಹೆದರಿ ಸೀರೆಯ ನೆರಿಗೆ ಹಿಡಿದುಕೊಂಡು ನಿಂತಳು. ಸಿನಿಮಾ ಹೇಗಿತ್ತು ಅಂದರೆ 'ಎಸಿ ಚಲೋ ಇತ್ತು' ಅಂದಳು.

ನಿಜ ಹೇಳಬೇಕಂದರೆ ಆಲಾಪ ಒಂದು ನೆಪ. ಗಡಿ ಜಗಳದ ಮಾತು ಕೇಳುತ್ತಲೇ ಬೆಳೆದವಳು ನಾನು. ಇಲ್ಲಿ ಕೆಲಸ ಮಾಡುತ್ತೇನೆ, ಬಾಡಿಗೆ ಕೊಡುತ್ತೇನೆ, ಇವರ ನಾಟಕಕ್ಕೂ ಹೋಗಿ ಚಪ್ಪಾಳೆ ತಟ್ಟಬೇಕಾ ಅನ್ನುವ ಒಂದು ಬಿಗುಮಾನ ಒಳಗೆ ಕೂತಿತ್ತು.

ಅದು ಕರಗಿದ್ದು 2015ರ ದೀಪಾವಳಿಗೆ. ಆಫೀಸಿನ ಗೆಳತಿ ಎಳೆದುಕೊಂಡು ಹೋಗಿ 'ಕಟ್ಯಾರ್ ಕಾಳಜಾತ್ ಘುಸಲಿ' ಸಿನಿಮಾ ತೋರಿಸಿದಳು. ಇಬ್ಬರು ದೊಡ್ಡ ಗಾಯಕರ ನಡುವಿನ ಹೊಟ್ಟೆಕಿಚ್ಚಿನ ಕಥೆ, ಸುಬೋಧ್ ಭಾವೆ ನಿರ್ದೇಶನ. ಅರ್ಧ ಹಾಡು ಮುಗಿಯುವುದರೊಳಗೆ ನನಗೆ ಮುಂದಿನ ಸಾಲಿನ ರಾಗ ಗೊತ್ತಿತ್ತು! ಎಲ್ಲಿ ಕೇಳಿದ್ದೆ? ಧಾರವಾಡದ ನಮ್ಮ ಅಡುಗೆಮನೆಯಲ್ಲಿ. ರಾತ್ರಿಯೇ ಅವ್ವನಿಗೆ ಫೋನ್ ಮಾಡಿದೆ. 'ಅದು ವಸಂತರಾವ್ ದೇಶಪಾಂಡೆ ಹಾಡಿದ್ದಲ್ಲೇನ, ಲಗ್ನಕ್ಕ ಮೊದಲ ನಮ್ಮಪ್ಪ ಕರಕೊಂಡ ಹೋಗಿದ್ದ' ಅಂದಳು. ಅದು 1967ರಲ್ಲಿ ರಂಗಕ್ಕೆ ಬಂದ ನಾಟಕ, ಸಿನಿಮಾ ಆಗಿದ್ದು ಆಮೇಲೆ. ಎರಡನ್ನೂ ನೋಡಿದ್ದೇನೆ. ನಾಟಕವೇ ಮೇಲು. ಸಿನಿಮಾದಲ್ಲಿ ಅರಮನೆ ಕಾಣುತ್ತದೆ, ರಂಗದ ಮೇಲೆ ಹಾಡುವವನ ಕುತ್ತಿಗೆಯ ನರ ಕಾಣುತ್ತದೆ.

ಆಮೇಲೆ ಗೊತ್ತಾದ ಒಂದು ವಿಷಯ ನನ್ನ ಮುಖಕ್ಕೆ ಹೊಡೆದ ಹಾಗಾಯಿತು. 1880ರಲ್ಲಿ ಇದೇ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 'ಸೌಭದ್ರ' ಬರೆದವರೂ ಅವರೇ. ಅದಕ್ಕೂ ಹಿಂದೆ, 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಮೊದಲ ನಾಟಕ ಆಡಿಸಿದ್ದು ನಮ್ಮ ಹೊನ್ನಾವರ ಕಡೆಯ ಕರ್ಕಿ ಯಕ್ಷಗಾನ ಮೇಳದ ಆಟ ನೋಡಿದ ಮೇಲೆ. ನಮ್ಮ ಮನೆಯ ಮಗಳು ಪುಣೆಗೆ ಲಗ್ನವಾಗಿ ಬಂದಿದ್ದಾಳೆ, ಸೀರೆ ಉಡುವ ರೀತಿ ಬದಲಾಗಿದೆ, ಅಷ್ಟೆ. ನಾನು ಅವಳ ಮನೆ ಮುಂದೆ ಹದಿನಾರು ವರ್ಷ ಮುಖ ತಿರುಗಿಸಿಕೊಂಡು ಓಡಾಡಿದ್ದೆ.

2019ರಲ್ಲಿ ಅವ್ವ ಮತ್ತೆ ಬಂದಳು. ಈ ಸಲ ನಾನೇ ಹೋಗಿ 'ಸೌಭದ್ರ'ಕ್ಕೆ ಎರಡು ಟಿಕೆಟ್ ತಂದೆ. ಆದರೆ ಅಷ್ಟರಲ್ಲಿ ಅವ್ವನ ಕಿವಿ ಹೋಗಿತ್ತು. ಮಷಿನ್ ಹಾಕುತ್ತಾಳೆ, ಅದರಲ್ಲಿ ಮಾತು ಸ್ವಲ್ಪ ಕೇಳುತ್ತದೆ, ಹಾಡು ಕೇಳುವುದಿಲ್ಲ. ಆರ್ಗನ್ ಶುರುವಾದ ಕೂಡಲೇ ಮಷಿನ್ ಕುಯ್ ಅಂತು. 'ಡಬ್ಬಿ ಬಡದಂಗ ಕೇಳತೈತಿ' ಅಂತ ಕಿತ್ತು ಪರ್ಸಿನಲ್ಲಿ ಹಾಕಿಕೊಂಡಳು. ಎದ್ದು ಹೋಗೋಣವಾ ಅಂತ ಸನ್ನೆ ಮಾಡಿದೆ. ಬೇಡ ಅಂದಳು. ಮೂರು ತಾಸು ನಟರ ತುಟಿ ನೋಡುತ್ತಾ ಕೂತಳು. ಪ್ರತಿ ಹಾಡಿಗೂ ನನ್ನ ತೊಡೆಯ ಮೇಲೆ ತಾಳ ಹಾಕಿದಳು. ರಂಗದ ಮೇಲಿನ ತಬಲಾ ಒಂದು ಲಯ, ಅವಳ ಬೆರಳು ಇನ್ನೊಂದು ಲಯ. ಅವಳು ಕೇಳುತ್ತಿದ್ದುದು ಬೇರೆ ಯಾವುದೋ ಕಾಲದ 'ಸೌಭದ್ರ'.

ಅದಕ್ಕೇ ನಿನ್ನ ಪ್ರಶ್ನೆಗೆ ಇಷ್ಟುದ್ದ ಉತ್ತರ.

ಅಪ್ಪನಿಗೆ ಕಥೆ ಹೇಳುವ ಕಷ್ಟ ನಿನಗಿಲ್ಲ. ಸುಭದ್ರೆಯನ್ನು ದುರ್ಯೋಧನನಿಗೆ ಕೊಡಬೇಕು ಅಂತ ಬಲರಾಮ, ಅರ್ಜುನನಿಗೇ ಸೇರಿಸಬೇಕು ಅಂತ ಕೃಷ್ಣನ ತಂತ್ರ. ನಿಮ್ಮ ಕಡೆಯ ಕಂಪನಿಗಳಲ್ಲಿ ಇದನ್ನು ನೂರು ಸಲ ನೋಡಿರುತ್ತಾರೆ. ಹಾಡು ಚೆನ್ನಾಗಿ ಬಂದರೆ ಜನ ವನ್ಸ್ ಮೋರ್ ಅಂತ ಕೂಗುತ್ತಾರೆ. ಆಗ ಒಳಗೆ ಹೋಗಬೇಕಾದ ಪಾತ್ರಧಾರಿ ಹೋಗದೆ ಮತ್ತೆ ಹಾಡುತ್ತಾನೆ. ಅಪ್ಪನಿಗೆ ಊರಿನಲ್ಲೇ ಕೂತ ಹಾಗನಿಸುತ್ತದೆ.

ಮುಂಬೈಗೆ ಕರೆದುಕೊಂಡು ಹೋಗಲಾ ಅಂತ ನಿನಗೆ ಅನಿಸಬಹುದು. ಅಲ್ಲಿ ಬಿಕೆಸಿ, ಅಂದರೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ 2023ರಲ್ಲಿ ತೆರೆದ ಎರಡು ಸಾವಿರ ಸೀಟಿನ ದೊಡ್ಡ ರಂಗಮಂದಿರಕ್ಕೆ ಪರದೇಶದ ಮ್ಯೂಸಿಕಲ್‌ಗಳು ಬರುತ್ತವೆ. 'ದಿ ಸೌಂಡ್ ಆಫ್ ಮ್ಯೂಸಿಕ್' ನಾನು ನೋಡಿದೆ. ಕಣ್ಣು ಮಿಟುಕಿಸುವುದರೊಳಗೆ ಮನೆ ಹೋಗಿ ಬೆಟ್ಟ ಬರುತ್ತದೆ. ಹಾಡು ಕ್ಯಾಸೆಟ್ಟಿನಷ್ಟು ನೀಟು. ಮಕ್ಕಳಂತೂ ಮುದ್ದು. ಆದರೆ ಟಿಕೆಟ್ಟಿನ ದುಡ್ಡು ಕೇಳಿದರೆ ನಿಮ್ಮಪ್ಪ ಆಟ ಮುಗಿಯುವವರೆಗೂ ಅದನ್ನೇ ಲೆಕ್ಕ ಹಾಕುತ್ತಾ ಕೂರುತ್ತಾರೆ. ಅದು ನಿನ್ನ ಗೆಳತಿಯರ ಜೊತೆ ಹೋಗಲಿಕ್ಕೆ ಇರಲಿ.

ಬಾಲಗಂಧರ್ವ ರಂಗಮಂದಿರ ಇರುವುದು ಜಂಗ್ಲಿ ಮಹಾರಾಜ ರಸ್ತೆಯಲ್ಲಿ, ಡೆಕ್ಕನ್ ಹತ್ತಿರ. ಹಿಂಜವಡಿ ಕಡೆಯಿಂದ ಎರಡು ತಾಸು ಮುಂಚೆಯೇ ಹೊರಡು. ಇಲ್ಲಿ ಮೂರನೆಯ ಗಂಟೆ ಹೊಡೆದರೆ ಪರದೆ ಏಳುತ್ತದೆ, ನಮ್ಮ ಕಡೆಯ ಹಾಗೆ ಸಾಹೇಬರಿಗಾಗಿ ಕಾಯುವುದಿಲ್ಲ. ಇಂಟರ್ವಲ್‌ನಲ್ಲಿ ಬಟಾಟೆವಡೆಗೆ ಸಾಲು ಉದ್ದ ಇರುತ್ತದೆ. ನೀನು ಓಡು, ಅಪ್ಪ ಕೂತಿರಲಿ. ಬಾಲ್ಕನಿ ಅಗ್ಗ ಅಂತ ತಗೋಬೇಡ, ಮೆಟ್ಟಿಲು ಜಾಸ್ತಿ. ಮುಂದಿನ ನಾಲ್ಕೈದು ಸಾಲಿನಲ್ಲಿ ದಾರಿಯ ಪಕ್ಕದ ಸೀಟು ನೋಡು. ದೀಪಾವಳಿಗೆ ಯಾವ ನಾಟಕ ಇದೆ ಅಂತ ನಾನು ಪೇಪರಿನಲ್ಲಿ ನೋಡಿ ಹೇಳುತ್ತೇನೆ.