ಡೆಬಿಯನ್ 12 ಹಾಕಿದ ಮೇಲೆ ಫೇಲ್‌ಟುಬ್ಯಾನ್ ಯಾಕೆ ಶುರುವಾಗುತ್ತಿಲ್ಲ?

ಚಿಕ್ಕಮಗಳೂರಿನ ನಿಮ್ಮ ಕಾಫಿ ಕ್ಯೂರಿಂಗ್ ಆಫೀಸಿನ ಸರ್ವರ್‌ನಲ್ಲಿ ‘ಹ್ಯಾವ್ ನಾಟ್ ಫೌಂಡ್ ಎನಿ ಲಾಗ್ ಫೈಲ್ ಫಾರ್ ಎಸ್‌ಎಸ್‌ಎಚ್‌ಡಿ ಜೈಲ್’ ಅಂತ ಬರ್ತಿದೆ ಅಂದಿರಿ. ಹಾಗಾದರೆ ಸರ್ವರ್‌ಗೆ ನುಗ್ಗಲು ನೋಡುವವರನ್ನು ತಡೆಯುವ ಫೇಲ್‌ಟುಬ್ಯಾನ್ ಪ್ರೋಗ್ರಾಂ ಕೆಟ್ಟಿಲ್ಲ. ಎಸ್‌ಎಸ್‌ಎಚ್‌ಡಿಗೆ (ದೂರದಿಂದ ಲಾಗಿನ್ ಆಗಲು ಬಿಡುವ ಸೇವೆ) ಅದು ಓದಬೇಕಾದ ಲಾಗ್ ಫೈಲೇ, ಅಂದರೆ ಲಾಗಿನ್ ಯತ್ನಗಳ ದಾಖಲೆಯೇ, ಅಲ್ಲಿಲ್ಲ.

ಪದೇ ಪದೇ ತಪ್ಪು ಪಾಸ್‌ವರ್ಡ್ ಹಾಕುವವರ ಐಪಿ ವಿಳಾಸವನ್ನು ಅದು ಲಾಗ್ ನೋಡಿಯೇ ಹಿಡಿಯಬೇಕು ಅಲ್ವಾ? ಮೊದಲು ಆ ಲಾಗ್ ‘ಆಥ್.ಲಾಗ್’ ಫೈಲಿನಲ್ಲಿ ಸಿಗುತ್ತಿತ್ತು. 2023ರಲ್ಲಿ ಬಂದ ಲಿನಕ್ಸ್ ಆವೃತ್ತಿ ಡೆಬಿಯನ್ 12ರಲ್ಲಿ ಆ ಫೈಲ್ ಬರೆಯುವ ಆರ್‌ಸಿಸ್‌ಲಾಗ್ ಪ್ರೋಗ್ರಾಂ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ. ಎಲ್ಲವೂ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ ಜರ್ನಲ್‌ಗೆ (ಅದರದೇ ದಾಖಲೆಗೆ) ಹೋಗುತ್ತದೆ.

ಹಾಗಾಗಿ ಫೇಲ್‌ಟುಬ್ಯಾನ್‌ನ ಸೆಟ್ಟಿಂಗ್ ಇರುವ ‘ಜೈಲ್.ಲೋಕಲ್’ ಫೈಲಿನ ಎಸ್‌ಎಸ್‌ಎಚ್‌ಡಿ ಭಾಗದಲ್ಲಿ, ಜರ್ನಲ್ ಓದಲು ಹೇಳುವ ‘ಬ್ಯಾಕೆಂಡ್ = ಸಿಸ್ಟಮ್‌ಡಿ’ ಎಂದು ಸೇರಿಸಿ (ಇಂಗ್ಲಿಷ್ ಅಕ್ಷರದಲ್ಲೇ). ಜರ್ನಲ್ ಓದಲು ಬೇಕಾದ ‘ಪೈಥಾನ್3-ಸಿಸ್ಟಮ್‌ಡಿ’ ಪ್ಯಾಕೇಜ್ ಇಲ್ಲದಿದ್ದರೆ ಹಾಕಿ, ಫೇಲ್‌ಟುಬ್ಯಾನ್ ರೀಸ್ಟಾರ್ಟ್ ಮಾಡಿ. ಸುಮ್ನೆ ಖಾಲಿ ಆಥ್.ಲಾಗ್ ಮಾಡಿಟ್ಟರೂ ಸರ್ವಿಸ್ ಏಳುತ್ತದೆ, ಆದರೆ ಯಾರನ್ನೂ ಹಿಡಿಯುವುದಿಲ್ಲ.